ಅಕ್ಷರ ಅಳಿಯುವುದಿಲ್ಲ, ಓದಲು ಆಗುವುದಿಲ್ಲ: ಜಠರದ ಉರಿಯೂತ ಕ್ಯಾನ್ಸರ್ ಆಗುವ ಬಗೆ

(ಕುಮಟಾದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ರೋಗಿಗಳ ನಾಡಿ ಹಿಡಿಯುವ ವೈದ್ಯನಲ್ಲ. ರೋಗಿಗಳ ದೇಹದಿಂದ ತೆಗೆದ ಚೂರುಗಳನ್ನು ನೋಡುವ ರೋಗಶಾಸ್ತ್ರಜ್ಞ. ಎಂಡೋಸ್ಕೋಪಿ ಮಾಡುವವರು ಜಠರದ ಒಳಪೊರೆಯಿಂದ ಎರಡು ಮೂರು ಮಿಲಿಮೀಟರಿನ ನಾಲ್ಕೈದು ಚೂರು ಚಿವುಟಿ, ಫಾರ್ಮಲಿನ್ ತುಂಬಿದ ಪುಟ್ಟ ಶೀಷೆಯಲ್ಲಿ ಹಾಕಿ ಕಳಿಸುತ್ತಾರೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ವರದಿ ಬರೆಯುವುದು ನನ್ನ ಕೆಲಸ. ವರದಿಯಲ್ಲಿ ಕ್ಯಾನ್ಸರ್ ಎಂಬ ಪದ ಇಲ್ಲ, ‘ಕ್ರಾನಿಕ್ ಗ್ಯಾಸ್ಟ್ರೈಟಿಸ್’ (ಜಠರದ ದೀರ್ಘಕಾಲದ ಉರಿಯೂತ) ಎಂದಷ್ಟೇ ಇದೆ ಎಂದು ಗೊತ್ತಾದ ಕೂಡಲೇ ಜನ ನಿಟ್ಟುಸಿರು ಬಿಟ್ಟು ಕಾಗದ ಮಡಚಿ ಇಡುತ್ತಾರೆ. ನಿಟ್ಟುಸಿರು ಸರಿ. ಮಡಚಿ ಇಟ್ಟು ಮರೆಯುವುದು ಮಾತ್ರ ಸರಿಯಲ್ಲ ಎಂದು ಹೇಳಲು ಇಲ್ಲಿಗೆ ಬಂದಿದ್ದೇನೆ.

ಆರೋಗ್ಯವಂತ ಜಠರದ ಚೂರು ನೋಡಲು ಅಚ್ಚುಕಟ್ಟು. ಮೇಲೆ ಲೋಳೆ ಸ್ರವಿಸುವ ಕೋಶಗಳ ಸಾಲು, ಅದರ ಕೆಳಗೆ ಒತ್ತೊತ್ತಾಗಿ ನಿಂತ ಗ್ರಂಥಿಗಳು, ನಡುವೆ ಹೆಚ್ಚೇನೂ ಜಾಗವಿಲ್ಲ. ಹತ್ತಾರು ವರ್ಷ ಉರಿಯೂತ ಅನುಭವಿಸಿದ ಚೂರಿನಲ್ಲಿ ಆ ಒತ್ತೊತ್ತು ಇರುವುದಿಲ್ಲ. ಗ್ರಂಥಿಗಳ ನಡುವೆ ಲಿಂಫೊಸೈಟ್, ಪ್ಲಾಸ್ಮಾ ಕೋಶ ಎಂಬ ರಕ್ಷಣಾ ಕೋಶಗಳು ನೇರಳೆ ಬಣ್ಣದಲ್ಲಿ ಜಮಾಯಿಸಿರುತ್ತವೆ. ಗ್ರಂಥಿಗಳು ಸವೆದು ವಿರಳವಾಗಿರುತ್ತವೆ. ಕೆಲವೊಮ್ಮೆ ಸವೆದ ಜಾಗದಲ್ಲಿ ಜಠರಕ್ಕೆ ಸಂಬಂಧವೇ ಇಲ್ಲದ, ಕರುಳಿನಲ್ಲಿ ಇರಬೇಕಾದ ಕೋಶಗಳು ಬಂದು ಕೂತಿರುತ್ತವೆ. ಆಲ್ಷಿಯನ್ ಬ್ಲೂ ಎಂಬ ಬಣ್ಣ ಹಾಕಿದರೆ ಅವು ಮಾತ್ರ ನೀಲಿಯಾಗಿ ಎದ್ದು ಕಾಣುತ್ತವೆ. ಜಠರದ ಕೋಶ ಹೀಗೆ ತನ್ನ ಗುರುತು ಮರೆತು ಕರುಳಿನ ವೇಷ ಹಾಕುವುದನ್ನು ಇಂಟೆಸ್ಟಿನಲ್ ಮೆಟಾಪ್ಲಾಸಿಯಾ ಎನ್ನುತ್ತೇವೆ.

ಉರಿಯೂತ, ಗ್ರಂಥಿಗಳ ಸವೆತ, ಕರುಳಿನ ವೇಷ, ಕೋಶಗಳ ಅಂದಗೆಡುವಿಕೆ, ಕೊನೆಗೆ ಕ್ಯಾನ್ಸರ್. ಈ ಮೆಟ್ಟಿಲುಗಳನ್ನು ಗುರುತಿಸಿಕೊಟ್ಟವರು ಕೊಲಂಬಿಯ ಮೂಲದ ರೋಗಶಾಸ್ತ್ರಜ್ಞ ಪೆಲಾಯೊ ಕೊರೆಯಾ. ಅವರು 1975ರಲ್ಲಿ ಇದರ ಮೊದಲ ರೂಪ ಮುಂದಿಟ್ಟಾಗ ಉರಿಯೂತಕ್ಕೆ ಕಾರಣ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾ ಬದುಕೀತು ಎಂಬುದು ಆಗಿನ ವೈದ್ಯರ ಗಟ್ಟಿ ನಂಬಿಕೆ. 1979ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞ ಉರಿಯೂತದ ಚೂರುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯ ಅವರ ಜೊತೆಗೂಡಿದರು. ಬ್ಯಾಕ್ಟೀರಿಯಾ ಬೆಳೆಸುವ ಪ್ರಯತ್ನ ಪದೇ ಪದೇ ಸೋತು, ಕೊನೆಗೆ 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಎಸೆಯದೆ ಬಿಟ್ಟದ್ದರಿಂದ ಅದು ಬೆಳೆದು ಕಾಣಿಸಿತು. ನಿಧಾನವಾಗಿ ಬೆಳೆಯುವ ಜೀವಿ. ಅಷ್ಟು ದಿನ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಆಗಲೂ ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಉರಿಯೂತ ಕಾಣಿಸಿತು. ದಯವಿಟ್ಟು ಇದನ್ನು ಯಾರೂ ಅನುಕರಿಸಬೇಡಿ. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಜೀವಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಒಂದನೇ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಸಾರಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಶಿರಸಿ ಕಡೆಯ ಶ್ರೋತೃಗಳು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಡಿಕೆಯೂ ಅದೇ ಗುಂಪಿನಲ್ಲಿದೆ. ಆದರೆ ಅದು ಬಾಯಿಯ ಕ್ಯಾನ್ಸರಿನ ವಿಷಯ. ಕವಳದ ಬಗ್ಗೆ ಮಾತಾಡಲು ಇನ್ನೊಂದು ಸಂಜೆ ಬೇಕು, ಸ್ವಲ್ಪ ಧೈರ್ಯವೂ ಬೇಕು.

ಜಪಾನಿನಲ್ಲಿ 1,526 ಜನರನ್ನು ಸರಾಸರಿ 7.8 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸೋಂಕಿದ್ದ 1,246 ಜನರಲ್ಲಿ 36 ಜನರಿಗೆ ಜಠರದ ಕ್ಯಾನ್ಸರ್ ಬಂತು. ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಸೋಂಕಿನ ಪಾತ್ರಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಅದೇ ಅಂಕಿಗಳನ್ನು ಮಗುಚಿ ಓದಿ: ಸೋಂಕಿದ್ದ ಸಾವಿರದ ಇನ್ನೂರಕ್ಕೂ ಹೆಚ್ಚು ಜನರಿಗೆ ಆ ಅವಧಿಯಲ್ಲಿ ಕ್ಯಾನ್ಸರ್ ಬರಲಿಲ್ಲ. ಇಡೀ ಜೀವಮಾನ ಲೆಕ್ಕ ಹಾಕಿದರೂ ಸೋಂಕಿರುವ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ ಕ್ಯಾನ್ಸರ್ ಬರುತ್ತದೆ. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಬ್ಯಾಕ್ಟೀರಿಯಾ ಹೊತ್ತು ತಿರುಗುತ್ತಾರೆ, ಹೆಚ್ಚಿನವರಿಗೆ ಅದು ಬಾಲ್ಯದಲ್ಲೇ ಅಂಟಿರುತ್ತದೆ. ಆದರೂ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ನಮ್ಮಲ್ಲಿ ಜಠರದ ಕ್ಯಾನ್ಸರ್ ಕಡಿಮೆ. ಮಿಜೋರಾಂನಲ್ಲಿ ಮಾತ್ರ ತೀರಾ ಹೆಚ್ಚು. ಹಾಗಾದರೆ ಸೋಂಕಿಗೂ ಕ್ಯಾನ್ಸರಿಗೂ ನಡುವೆ ಜಠರದೊಳಗೆ ನಡೆಯುವುದೇನು?

ನಾವು ವೈದ್ಯಕೀಯ ಓದುವಾಗ ಇದಕ್ಕೆ ಒಂದೇ ಉತ್ತರ ಇತ್ತು: ರೂಪಾಂತರ (ಮ್ಯುಟೇಷನ್), ಅಂದರೆ ಡಿಎನ್‌ಎಯಲ್ಲಿ ಬರೆದ ಅಕ್ಷರವೇ ಬದಲಾಗುವುದು. ಉರಿಯೂತದ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲಲು ಸಿಡಿಸುವ ಆಮ್ಲಜನಕದ ಚುರುಕು ಕಣಗಳು ಪಕ್ಕದ ಕೋಶಗಳ ಡಿಎನ್‌ಎಗೂ ತಾಗುತ್ತವೆ, ಅಕ್ಷರ ಕೆಡುತ್ತದೆ, ಕೆಟ್ಟ ಅಕ್ಷರ ಕೆಟ್ಟ ಪ್ರೋಟೀನ್ ಕೊಡುತ್ತದೆ. ಇದು ಸುಳ್ಳಲ್ಲ. ಆದರೆ ಅರ್ಧ ಕಥೆ. ಉಳಿದರ್ಧದಲ್ಲಿ ಡಿಎನ್‌ಎಯ ಒಂದು ಅಕ್ಷರವೂ ಕೆಡುವುದಿಲ್ಲ.

ಡಿಎನ್‌ಎಯಲ್ಲಿ ಸೈಟೋಸಿನ್ ಎಂಬ ಅಕ್ಷರಕ್ಕೆ, ಅದರ ಮುಂದೆ ಗ್ವಾನಿನ್ ಇದ್ದಾಗ, ಒಂದು ಇಂಗಾಲ ಮತ್ತು ಮೂರು ಜಲಜನಕದ ಪುಟ್ಟ ಗುಂಪು ಅಂಟಿಕೊಳ್ಳಬಹುದು. ಇದೇ ಮೀಥೈಲ್ ಗುಂಪು. ಅಂಟುವ ಕ್ರಿಯೆ ಮೀಥೈಲೀಕರಣ. ಇದು ರೋಗವಲ್ಲ, ದೇಹದ ದಿನನಿತ್ಯದ ವ್ಯವಹಾರ. ಕಣ್ಣಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಇರುವುದು ಅದೇ ಡಿಎನ್‌ಎ. ಯಾವ ವಂಶವಾಹಿ ಎಲ್ಲಿ ತೆರೆದಿರಬೇಕು, ಎಲ್ಲಿ ಮುಚ್ಚಿರಬೇಕು ಎಂದು ತೀರ್ಮಾನಿಸುವ ವ್ಯವಸ್ಥೆಗಳಲ್ಲಿ ಇದೂ ಒಂದು. ಅನೇಕ ವಂಶವಾಹಿಗಳ ಆರಂಭದ ಭಾಗದಲ್ಲಿ ಸೈಟೋಸಿನ್ ಮತ್ತು ಗ್ವಾನಿನ್ ಜೋಡಿಗಳು ದಟ್ಟವಾಗಿರುತ್ತವೆ, ಸಾಮಾನ್ಯವಾಗಿ ಅಲ್ಲಿ ಮೀಥೈಲ್ ಇರುವುದಿಲ್ಲ. ಅಲ್ಲಿ ಮೀಥೈಲ್ ತುಂಬಿಕೊಂಡರೆ ಆ ವಂಶವಾಹಿಯನ್ನು ಕೋಶ ಓದಲಾರದು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಪುಸ್ತಕ ತೆರೆದು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಾಳೆ ಹರಿದಿರುವುದಿಲ್ಲ, ಅಕ್ಷರ ಅಳಿಸಿರುವುದಿಲ್ಲ. ಥಂಡಿಗೆ ನಾಲ್ಕಾರು ಹಾಳೆ ಒಂದಕ್ಕೊಂದು ಅಂಟಿ ಕೂತಿರುತ್ತವೆ, ಅಷ್ಟೇ. ಓದಲು ಆಗುವುದಿಲ್ಲ. ಒಂದೆರಡು ದಿನದ ಜಡಿಮಳೆಗೆ ಹೀಗಾಗುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಹೋಗದೆ ನಿಂತ ತೇವಕ್ಕೆ ಆಗುತ್ತದೆ. ಜಠರದ ಮಟ್ಟಿಗೆ ಆ ತೇವವೇ ವರ್ಷಗಟ್ಟಲೆಯ ಉರಿಯೂತ.

ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ತೋಷಿಕಾಜು ಉಷಿಜಿಮಾ ಅವರ ತಂಡ ಇದನ್ನು ಅಳತೆ ಮಾಡಿ ತೋರಿಸಿತು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕ್ಯಾನ್ಸರ್ ಇಲ್ಲದ ಆರೋಗ್ಯವಂತರಲ್ಲೇ ಸೋಂಕಿದ್ದವರ ಜಠರದ ಮೀಥೈಲೀಕರಣ ಸೋಂಕಿಲ್ಲದವರಿಗಿಂತ ವಂಶವಾಹಿಯ ಜಾಗಕ್ಕೆ ತಕ್ಕಂತೆ 5.4 ಪಟ್ಟಿನಿಂದ 303 ಪಟ್ಟಿನವರೆಗೆ ಹೆಚ್ಚಿತ್ತು. ಮುನ್ನೂರು ಪಟ್ಟು! ಕ್ಯಾನ್ಸರಿನ ಗಡ್ಡೆಯಲ್ಲಿ ಅಲ್ಲ, ಕಣ್ಣಿಗೆ ಸರಿಯಾಗಿಯೇ ಕಾಣುವ ಒಳಪೊರೆಯಲ್ಲಿ. ಎರಡನೆಯ ಫಲಿತಾಂಶ ನನಗೆ ಇನ್ನೂ ಮುಖ್ಯ ಎನಿಸುತ್ತದೆ. ಈಗ ಸೋಂಕಿಲ್ಲದವರನ್ನು ಮಾತ್ರ ಆಯ್ದು ಹೋಲಿಸಿದಾಗ, ಜಠರದ ಕ್ಯಾನ್ಸರ್ ಬಂದವರ ಗಡ್ಡೆಯಿಂದ ದೂರದ ಒಳಪೊರೆಯಲ್ಲಿ ಮೀಥೈಲೀಕರಣ ಆರೋಗ್ಯವಂತರಿಗಿಂತ 2.2 ಪಟ್ಟಿನಿಂದ 32 ಪಟ್ಟಿನವರೆಗೆ ಹೆಚ್ಚಿತ್ತು. ಬ್ಯಾಕ್ಟೀರಿಯಾ ಹೊರಟುಹೋಗಿದೆ, ಅದು ಬಿಟ್ಟುಹೋದ ಗುರುತು ಹೋಗಿಲ್ಲ.

ಸರಿ, ಗುರುತು ಹಾಕಿದ್ದು ಯಾರು? ಬ್ಯಾಕ್ಟೀರಿಯಾವೇ, ಅಥವಾ ಅದರ ಮೇಲೆ ಮುಗಿಬಿದ್ದ ನಮ್ಮದೇ ರಕ್ಷಣಾ ಕೋಶಗಳೇ? ಇದೇ ತಂಡ ಮಂಗೋಲಿಯದ ಜರ್ಬಿಲ್ ಎಂಬ ಇಲಿಯಂಥ ಪ್ರಾಣಿಗಳಲ್ಲಿ ಉತ್ತರ ಹುಡುಕಿತು. 2010ರಲ್ಲಿ ಫಲಿತಾಂಶ ಬಂತು. ಜರ್ಬಿಲ್‌ಗಳಿಗೆ ಸೋಂಕು ತಗಲಿಸಿದಾಗ ಮೀಥೈಲೀಕರಣ ಏರಿತು. ಸೋಂಕಿರುವ ಇನ್ನೊಂದು ಗುಂಪಿಗೆ ಸೈಕ್ಲೋಸ್ಪೋರಿನ್ ಕೊಟ್ಟರು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ ಅದು. ಬ್ಯಾಕ್ಟೀರಿಯಾಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಅವು ಜಠರದಲ್ಲಿ ಹಾಯಾಗಿ ಇದ್ದವು. ಆದರೆ ಉರಿಯೂತ ತಗ್ಗಿತು, ಅದರ ಜೊತೆಗೇ ಮೀಥೈಲೀಕರಣವೂ ತಗ್ಗಿತು. ನನ್ನ ಕ್ಷೇತ್ರದಲ್ಲಿ ಇಷ್ಟು ಸರಳವಾಗಿ ಯೋಚಿಸಿ ಇಷ್ಟು ದೊಡ್ಡ ಪ್ರಶ್ನೆ ಬಗೆಹರಿಸಿದ ಪ್ರಯೋಗಗಳು ಹೆಚ್ಚಿಲ್ಲ. ವಂಶವಾಹಿಗಳನ್ನು ಮುಚ್ಚಿಸುವುದು ಬ್ಯಾಕ್ಟೀರಿಯಾದ ಇರುವಿಕೆಯಲ್ಲ, ಅದರೊಂದಿಗೆ ನಮ್ಮ ದೇಹ ಮುಗಿಸಲಾರದೆ ಮುಂದುವರಿಸುವ ಕಾಳಗ.

ಅದರ ಒಳಗಿನ ಯಂತ್ರವೂ ಈಚೆಗೆ ಒಂದಿಷ್ಟು ತಿಳಿದಿದೆ. ಮೀಥೈಲ್ ಅಂಟಿಸುವ ಕಿಣ್ವಗಳು ಬೇರೆ, ಅದನ್ನು ತೆಗೆಯಲು ನೆರವಾಗುವ ಟೆಟ್ ಎಂಬ ಕಿಣ್ವಗಳು ಬೇರೆ. ಉರಿಯೂತದ ಸಂಕೇತಗಳು ಟೆಟ್ ಕಿಣ್ವಗಳನ್ನು ಕುಗ್ಗಿಸುತ್ತವೆ. ಉರಿಯೂತದಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಅಂಟಿಸುವ ಕಿಣ್ವದ ಚಟುವಟಿಕೆ ಏರಿಸುತ್ತದೆ. ಎರಡೂ ಒಟ್ಟಿಗೆ ನಡೆದಾಗ ಮೀಥೈಲ್ ಎಲ್ಲಿ ಇರಬಾರದೋ ಅಲ್ಲಿ ಕೂರುತ್ತದೆ.

ಇಲ್ಲಿ ಸಭೆಯಿಂದ ಒಬ್ಬ ಹಿರಿಯ ಮಹಿಳೆ ಎದ್ದು ಕೇಳಿದರು: “ಹಾಗಾದರೆ ಒಣಮೀನು ಬಿಡಬೇಕೇ ಡಾಕ್ಟರೇ? ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಗಂಜಿಗೆ ಮತ್ತೇನು ಹಾಕಿಕೊಳ್ಳುವುದು?” ಸಭೆಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಇದು ಸಾಣಿಕಟ್ಟಾದ ಉಪ್ಪಿನಾಗರಗಳ ಊರು, 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಅಂಕೋಲಾದ ನೆರೆ. ಉಪ್ಪಿನ ವಿರುದ್ಧ ಇಲ್ಲಿ ನಿಂತು ಮಾತಾಡುವುದು ಸುಲಭವಲ್ಲ. ನಾನು ಕೊಟ್ಟ ಉತ್ತರ ಇದು.

ಅಮ್ಮಾ, ಉಪ್ಪಿನಲ್ಲಿ ಹಾಕಿಟ್ಟ ಆಹಾರವನ್ನು ಬಹಳವಾಗಿ ತಿನ್ನುವ ಜನರಲ್ಲಿ ಜಠರದ ಕ್ಯಾನ್ಸರ್ ಹೆಚ್ಚು ಎಂಬುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಮನೆಗಳಿಗೆ ಫ್ರಿಜ್ ಬಂದು ಉಪ್ಪು ಹಾಕಿಡುವ ರೂಢಿ ಕುಗ್ಗಿದ ದೇಶಗಳಲ್ಲಿ ಈ ರೋಗವೂ ಕುಗ್ಗಿದೆ; ಅದಕ್ಕೆ ಬೇರೆ ಕಾರಣಗಳೂ ಸೇರಿವೆ. ಆದರೆ ಜರ್ಬಿಲ್‌ಗಳ ಇನ್ನೊಂದು ಪ್ರಯೋಗ ಸ್ವಾರಸ್ಯದ್ದು. ಬರೀ ಗಾಢ ಉಪ್ಪುನೀರು ಅಥವಾ ಮದ್ಯಸಾರ ಕುಡಿಸಿದಾಗ ಅವುಗಳ ಜಠರದಲ್ಲೂ ಉರಿಯೂತ ಆಯಿತು, ಕೋಶಗಳೂ ಬೇಗ ಬೇಗ ವಿಭಜನೆಗೊಂಡವು. ಮೀಥೈಲೀಕರಣ ಮಾತ್ರ ಏರಲಿಲ್ಲ. ಎಲ್ಲ ಉರಿಯೂತವೂ ಒಂದೇ ಬಗೆಯದಲ್ಲ. ಉಪ್ಪು ಒಳಪೊರೆಯನ್ನು ಕೆಣಕುತ್ತದೆ, ಸೋಂಕಿರುವವರಲ್ಲಿ ಬೆಂಕಿಗೆ ಗಾಳಿ ಹಾಕುತ್ತದೆ. ವಂಶವಾಹಿಗಳನ್ನು ಮುಚ್ಚಿಸುವ ಉರಿಯೂತ ಸೋಂಕಿನದು. ಆದ್ದರಿಂದ ಸುಟ್ಟ ಒಣ ಬಂಗುಡೆಯನ್ನು ಪೂರ್ತಿ ಬಿಡಿ ಎನ್ನುವುದಿಲ್ಲ. ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ದಿನಾ ತಿನ್ನುವುದನ್ನು ವಾರಕ್ಕೊಮ್ಮೆ ಮಾಡಿ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಘಟ್ಟದ ಮೇಲಿನವರು ನಗಬೇಕಾಗಿಲ್ಲ, ನಿಮ್ಮ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಎಷ್ಟು ಉಪ್ಪು ಇಳಿಯುತ್ತದೆ ಎಂದು ನಾನೂ ಕಂಡಿದ್ದೇನೆ.

ಮುಚ್ಚಿಹೋಗುವ ವಂಶವಾಹಿಗಳು ಯಾವುವು ಎಂಬುದಕ್ಕೆ ಬರುತ್ತೇನೆ. ಸಿಡಿಎಚ್1 ಎಂಬುದು ಕೋಶಕ್ಕೆ ಕೋಶ ಅಂಟಿ ನಿಲ್ಲುವಂತೆ ಮಾಡುವ ಇ-ಕ್ಯಾಡ್‌ಹೆರಿನ್ ಪ್ರೋಟೀನಿನ ವಂಶವಾಹಿ. 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಲ್ಲಿ, ತೀರಾ ಎಳೆಯ ವಯಸ್ಸಿನಲ್ಲೇ ಜಠರದ ಕ್ಯಾನ್ಸರ್ ಬರುವುದಕ್ಕೆ ಹುಟ್ಟಿನಿಂದಲೇ ಕೆಟ್ಟಿರುವ ಸಿಡಿಎಚ್1 ಕಾರಣವೆಂದು ಗೊತ್ತಾಯಿತು. ಪ್ರತಿ ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ. ಅಂಥವರಲ್ಲಿ ಉಳಿದ ಒಂದು ಒಳ್ಳೆಯ ಪ್ರತಿ ಅನೇಕ ವೇಳೆ ಮೀಥೈಲೀಕರಣದಿಂದ ಮುಚ್ಚಿಹೋಗಿರುತ್ತದೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಪಿ16 ಇನ್ನೊಂದು. ಎಂಎಲ್‌ಎಚ್1 ಮತ್ತೊಂದು, ಡಿಎನ್‌ಎ ನಕಲಾಗುವಾಗ ಆಗುವ ಅಕ್ಷರ ತಪ್ಪುಗಳನ್ನು ತಿದ್ದುವ ತಂಡಕ್ಕೆ ಸೇರಿದ್ದು ಇದು. ಇದು ಮುಚ್ಚಿದರೆ ತಪ್ಪುಗಳು ತಿದ್ದುಪಡಿಯಿಲ್ಲದೆ ಸಾವಿರಗಟ್ಟಲೆ ಸೇರುತ್ತವೆ. ಅಂದರೆ ಮೀಥೈಲೀಕರಣವೇ ರೂಪಾಂತರಗಳಿಗೆ ಬಾಗಿಲು ತೆರೆದುಕೊಟ್ಟ ಹಾಗೆ. ನಾನು ಮೊದಲು ಹೇಳಿದ ಎರಡು ಅರ್ಧ ಕಥೆಗಳು ಸೇರುವುದು ಇಲ್ಲೇ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 295 ಜಠರದ ಗಡ್ಡೆಗಳನ್ನು ಪರಿಶೀಲಿಸಿ ನಾಲ್ಕು ಬಗೆಗಳಾಗಿ ವಿಂಗಡಿಸಿದಾಗ, ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು ಗಡ್ಡೆಗಳು ಹೀಗೆ ತಪ್ಪುಗಳು ತುಂಬಿದ ಬಗೆಗೆ ಸೇರಿದವು. ವಿಚಿತ್ರವೆಂದರೆ, ಅಷ್ಟು ತಪ್ಪುಗಳಿರುವುದರಿಂದಲೇ ಅವು ರೋಗನಿರೋಧಕ ಕೋಶಗಳ ಕಣ್ಣಿಗೆ ಬೀಳುತ್ತವೆ, ಆ ಕೋಶಗಳನ್ನು ಗಡ್ಡೆಯ ಮೇಲೆ ಛೂ ಬಿಡುವ ಇಮ್ಯುನೋಥೆರಪಿ ಚಿಕಿತ್ಸೆಗೆ ಚೆನ್ನಾಗಿ ಜಗ್ಗುತ್ತವೆ. ಮೀಥೈಲೀಕರಣ ಅತಿರೇಕಕ್ಕೆ ಹೋದ ಗುಂಪು ಮಾತ್ರ ಬೇರೆಯೇ: ಎಪ್‌ಸ್ಟೈನ್-ಬಾರ್ ವೈರಸ್ ಸೇರಿಕೊಂಡ, ನೂರರಲ್ಲಿ ಸುಮಾರು ಒಂಬತ್ತು ಗಡ್ಡೆಗಳು.

“ಬ್ಯಾಕ್ಟೀರಿಯಾವನ್ನು ಕೊಂದರೆ ಮುಚ್ಚಿದ್ದು ತೆರೆಯುತ್ತದೆಯೇ?” ಇದನ್ನು ಕೇಳಿದವರು ಒಬ್ಬ ವಿದ್ಯಾರ್ಥಿನಿ. ಅರ್ಧ ತೆರೆಯುತ್ತದೆ ಮಗಳೇ. ಜಠರದ ಮೇಲ್ಪದರದ ಕೋಶಗಳು ಕೆಲವೇ ದಿನ ಬದುಕಿ ಉದುರುತ್ತವೆ. ಅವುಗಳ ಮೇಲಿದ್ದ ಮೀಥೈಲ್ ಅವುಗಳ ಜೊತೆಗೇ ಹೋಗುತ್ತದೆ, ಚಿಕಿತ್ಸೆಯ ನಂತರ ಅಳತೆ ಇಳಿಯುವುದು ಇದರಿಂದ. ಆದರೆ ಗ್ರಂಥಿಯೊಳಗೆ ಕೂತು ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಕ್ಕೆ ಗುರುತು ಬಿದ್ದಿದ್ದರೆ ಅದು ಹುಟ್ಟಿಸುವ ಪ್ರತಿ ಕೋಶವೂ ಅದೇ ಗುರುತು ಹೊತ್ತು ಬರುತ್ತದೆ. ಕೋಶ ಎರಡಾದಾಗ ಮೀಥೈಲ್ ಗುರುತನ್ನೂ ನಕಲು ಮಾಡುವ ಕಿಣ್ವ ಇದೆಯಲ್ಲ, ಅದು ಒಳ್ಳೆಯದು ಕೆಟ್ಟದ್ದು ನೋಡದೆ ನಕಲು ಮಾಡುತ್ತದೆ. ಹೀಗಾಗಿ ಜಠರದ ಒಂದು ಮೂಲೆಯ ಆರಂಭದ ಗಡ್ಡೆಯನ್ನು ಎಂಡೋಸ್ಕೋಪಿಯಲ್ಲೇ ಕೆತ್ತಿ ತೆಗೆದವರಿಗೂ ಮತ್ತೊಂದು ಮೂಲೆಯಲ್ಲಿ ಹೊಸ ಗಡ್ಡೆ ಬರಬಹುದು. ಜಪಾನಿನಲ್ಲಿ ಅಂಥವರ ಒಳಪೊರೆಯ ಮೀಥೈಲೀಕರಣ ಅಳೆದು ಹಿಂಬಾಲಿಸಿದಾಗ, ಅಳತೆ ಅತಿ ಹೆಚ್ಚಿದ್ದ ಗುಂಪಿನಲ್ಲಿ ಹೊಸ ಗಡ್ಡೆಯ ಸಾಧ್ಯತೆ ಅತಿ ಕಡಿಮೆ ಇದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು.

ಹಾಗೆಂದು ತಡವಾಗಿ ಕೊಟ್ಟ ಚಿಕಿತ್ಸೆ ವ್ಯರ್ಥವಲ್ಲ. ಕೊರಿಯಾದಲ್ಲಿ ಆರಂಭದ ಗಡ್ಡೆ ತೆಗೆಸಿಕೊಂಡವರಿಗೆ ಬ್ಯಾಕ್ಟೀರಿಯಾ ಹೋಗಲು ಔಷಧಿ ಕೊಟ್ಟಾಗ ಹೊಸ ಗಡ್ಡೆ ಬಂದದ್ದು ಶೇಕಡ 7.2 ಜನರಿಗೆ, ಔಷಧಿ ಸಿಗದ ಗುಂಪಿನಲ್ಲಿ ಶೇಕಡ 13.4. ಬೇಗ ಕೊಟ್ಟರೆ ಇನ್ನೂ ಒಳ್ಳೆಯದು ಎಂಬುದಕ್ಕೆ ಚೀನಾದ ಫುಜಿಯಾನ್‌ನ ಅಧ್ಯಯನ ನೋಡಿ: ಗ್ರಂಥಿ ಸವೆತ, ಕರುಳಿನ ವೇಷ ಇತ್ಯಾದಿ ಇನ್ನೂ ಶುರುವಾಗಿರದಿದ್ದವರಲ್ಲಿ ಔಷಧಿ ಪಡೆದ ಒಬ್ಬರಿಗೂ ಕ್ಯಾನ್ಸರ್ ಬರಲಿಲ್ಲ, ಪಡೆಯದವರಲ್ಲಿ ಆರು ಜನರಿಗೆ ಬಂತು. ನನ್ನ ವರದಿಯಲ್ಲಿ ‘ಅಟ್ರೋಫಿ’ (ಗ್ರಂಥಿಗಳ ಸವೆತ), ‘ಮೆಟಾಪ್ಲಾಸಿಯಾ’ ಎಂಬ ಪದಗಳು ಇವೆಯೋ ಇಲ್ಲವೋ ಎಂದು ಹುಡುಕಿ ಎಂದು ನಾನು ಪೀಡಿಸುವುದು ಇದಕ್ಕೇ.

ಮೀಥೈಲ್ ಕಿತ್ತುಹಾಕುವ ಔಷಧಿ ಇಲ್ಲವೇ ಎಂದೂ ಆ ಹುಡುಗಿ ಕೇಳಿದಳು. ಅಜಾಸೈಟಿಡಿನ್ ಎಂಬುದಿದೆ, ರಕ್ತದ ಕೆಲವು ಕಾಯಿಲೆಗಳಿಗೆ ಬಳಕೆಯಲ್ಲಿದೆ. ಮುಚ್ಚಬೇಕಾದದ್ದು, ತೆರೆಯಬೇಕಾದದ್ದು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಆರೋಗ್ಯವಾಗಿ ಓಡಾಡುವ ಮನುಷ್ಯನಿಗೆ ಮುನ್ನೆಚ್ಚರಿಕೆಯೆಂದು ಕೊಡುವ ಔಷಧಿ ಅದಲ್ಲ.

ಇನ್ನು ವ್ಯವಹಾರದ ಮಾತು. ನಮ್ಮದು ದೊಡ್ಡ ಪರೀಕ್ಷೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಯ ಬಾಂಬೋಳಿಗೋ ಬಸ್ ಹತ್ತುವ ಜಿಲ್ಲೆ. ಅದಕ್ಕೇ ಜನ ಮೆಡಿಕಲ್ ಶಾಪಿನಲ್ಲಿ ಆಮ್ಲ ತಗ್ಗಿಸುವ ಮಾತ್ರೆ ಕೊಂಡು ವರ್ಷಗಟ್ಟಲೆ ನುಂಗುತ್ತಾರೆ. ಉರಿ ತಗ್ಗುತ್ತದೆ, ಬ್ಯಾಕ್ಟೀರಿಯಾ ಹೋಗುವುದಿಲ್ಲ, ಉರಿಯೂತವೂ ಹೋಗುವುದಿಲ್ಲ. ಕಾರಣವಿಲ್ಲದೆ ತೂಕ ಇಳಿದರೆ, ಮಲ ಡಾಂಬರಿನಷ್ಟು ಕಪ್ಪಾದರೆ, ನುಂಗಲು ಕಷ್ಟವಾದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ರಕ್ತಹೀನತೆಗೆ ಕಾರಣ ಸಿಗದಿದ್ದರೆ ಮಾತ್ರೆ ಬದಿಗಿಟ್ಟು ಎಂಡೋಸ್ಕೋಪಿಗೆ ಹೋಗಿ. ಸೋಂಕು ಖಚಿತವಾದರೆ ಎರಡು ವಾರ ಮೂರು ನಾಲ್ಕು ಬಗೆಯ ಔಷಧಿ ಒಟ್ಟಿಗೆ ತೆಗೆದುಕೊಳ್ಳಬೇಕಾಗುತ್ತದೆ. ಬಾಯಿ ಕಹಿಯಾಯಿತು ಎಂದು ಐದನೇ ದಿನಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಳ್ಳುತ್ತದೆ. ಭಾರತದಲ್ಲಿ ಈ ತೊಂದರೆ ಈಗಾಗಲೇ ಸಾಕಷ್ಟಿದೆ. ಕರುಳಿನ ವೇಷ ಜಠರದಲ್ಲಿ ವ್ಯಾಪಕವಾಗಿ ಹರಡಿದವರು ಚಿಕಿತ್ಸೆಯ ನಂತರವೂ ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಬೇಕು.

ಕೊನೆಯ ಪ್ರಶ್ನೆ ಹೊನ್ನಾವರದಿಂದ ಬಂದಿದ್ದ ಒಬ್ಬರದು. ಅವರ ಅಣ್ಣನಿಗೆ ಜಠರದ ಕ್ಯಾನ್ಸರ್. ತಾನು ಏನು ಮಾಡಬೇಕು ಎಂದರು. ಸೋಂಕಿದೆಯೇ ಎಂದು ಖಂಡಿತ ಪರೀಕ್ಷಿಸಿ ಎಂದೆ. ಜಠರದ ಕ್ಯಾನ್ಸರ್ ರೋಗಿಗಳ ಒಡಹುಟ್ಟಿದವರನ್ನೂ ಮಕ್ಕಳನ್ನೂ ಸೇರಿಸಿ ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾ ಪೂರ್ತಿ ಹೋದವರಲ್ಲಿ ಕ್ಯಾನ್ಸರ್ ಬಂದದ್ದು ಶೇಕಡ 0.8 ಜನರಿಗೆ, ಹೋಗದೆ ಉಳಿದವರಲ್ಲಿ ಶೇಕಡ 2.9 ಜನರಿಗೆ. ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆಯಿಂದ ಸೋಂಕು ಗೊತ್ತಾಗುತ್ತದೆ. ಆದರೆ ದಿನಾ ಬೆಳಿಗ್ಗೆ ನುಂಗುವ ಆಮ್ಲದ ಮಾತ್ರೆಯನ್ನು, ವೈದ್ಯರನ್ನು ಕೇಳಿ, ಪರೀಕ್ಷೆಗೆ ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು. ಔಷಧಿಯ ಕೋರ್ಸ್ ಮುಗಿದು ನಾಲ್ಕು ವಾರ ಕಳೆದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಬ್ಯಾಕ್ಟೀರಿಯಾ ನಿಜವಾಗಿಯೂ ಹೋಗಿದೆಯೇ ಎಂದು ನೋಡಬೇಕು ಎಂದೂ ಅವರ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆ.